ಎಲೈಸಾ ರಿಯಾಕ್ಟಿವ್, ರಾಪಿಡ್ ನಾನ್‌ರಿಯಾಕ್ಟಿವ್: ನಾನು ಬಿಡಿಸುವ ಬಗೆ

ಎಚ್‌ಐವಿ ಪರೀಕ್ಷೆಯ ಮಾತಿದು. ಹೊರಗಿನ ಲ್ಯಾಬಿನ ಫೋರ್ತ್ ಜನರೇಷನ್ ಎಲೈಸಾದಲ್ಲಿ (ಆಂಟಿಬಾಡಿ ಜೊತೆಗೆ ವೈರಸ್ಸಿನ ಪಿ24 ಪ್ರೋಟೀನನ್ನೂ ಹಿಡಿಯುವ ಮೆಷಿನ್ ಪರೀಕ್ಷೆ) ರಿಯಾಕ್ಟಿವ್, ಅಂದರೆ ಸೋಂಕಿರಬಹುದು ಅಂತ; ನಮ್ಮ ಐಸಿಟಿಸಿಯ (ಸರ್ಕಾರಿ ಎಚ್‌ಐವಿ ಸಮಾಲೋಚನೆ–ಪರೀಕ್ಷಾ ಕೇಂದ್ರ) ಮೊದಲ ರಾಪಿಡ್ ಕಿಟ್ಟಿನಲ್ಲೇ ನಾನ್‌ರಿಯಾಕ್ಟಿವ್. ಇಂಥವರನ್ನು ಮೂರನೇ ಲ್ಯಾಬಿಗೆ ಅಟ್ಟುವುದು ನಮ್ಮವರ ವಾಡಿಕೆ. ಅಲ್ಲೂ ಅದೇ ಕಂಪನಿ ಕಿಟ್ ಇದ್ದರೆ ಅದೇ ಸುಳ್ಳು ಮತ್ತೆ ಬರುತ್ತೆ, ದುಡ್ಡು ದಂಡ.

ನಾನು ಮೊದಲು ಕೇಳೋದು ಎಸ್/ಸಿಓ ಅಂಕಿ, ಅಂದರೆ ಸ್ಯಾಂಪಲಿನ ಸಿಗ್ನಲ್ ಕಟ್‌ಆಫ್‌ನ ಎಷ್ಟು ಪಟ್ಟು ಅನ್ನೋದು. ಕಟ್‌ಆಫ್ 1 ಇರುವ ಮೆಷಿನ್ನಿನಲ್ಲಿ 1.4, 2 ಬಂದಿದ್ದರೆ ಬಹುಪಾಲು ಸುಳ್ಳೇ. ಹಳೇ ಸೋಂಕಾದರೆ ಅಂಕಿ ಹತ್ತಾರು, ನೂರಾರು ಇರುತ್ತೆ. ಗರ್ಭಿಣಿಯರಲ್ಲಂತೂ ಲೆಕ್ಕ ಹಾಕಿ ನೋಡಿ: ಹತ್ತು ಸಾವಿರದಲ್ಲಿ ಹತ್ತು ಜನರಿಗೆ ಸೋಂಕಿದ್ದು, ಕಿಟ್ ಸ್ಪೆಸಿಫಿಸಿಟಿ (ಸೋಂಕಿಲ್ಲದವರನ್ನು ಇಲ್ಲ ಅಂತಲೇ ಹೇಳುವ ಪ್ರಮಾಣ) ಶೇಕಡ 99.5 ಅಂದರೂ ಸುಳ್ಳು ರಿಯಾಕ್ಟಿವ್ 50 ಬರುತ್ತೆ.

ಎರಡು–ಮೂರು ವಾರ ಬಿಟ್ಟು ಅದೇ ಮೆಷಿನ್ನಿನಲ್ಲೇ ಮತ್ತೆ ಹಾಕಿಸುತ್ತೇನೆ. ನಿಜವಾದ ಸೋಂಕಾದರೆ ಅಂಕಿ ಜಿಗಿಯುತ್ತೆ, ಸುಳ್ಳಾದರೆ ಅಲ್ಲೇ ತೆವಳುತ್ತೆ. ಇದನ್ನು ಒಪ್ಪದ ಡಾಕ್ಟರೊಬ್ಬರು 1.6ರ ಕೇಸಿಗೆ ನೇರ ವೆಸ್ಟರ್ನ್ ಬ್ಲಾಟ್ ಬರೆದರು; ವೈರಸ್ಸಿನ ಒಂದೊಂದು ಪ್ರೋಟೀನಿನ ಆಂಟಿಬಾಡಿಯನ್ನೂ ಬೇರೆ ಬೇರೆ ಬ್ಯಾಂಡಾಗಿ ತೋರಿಸುವ ಪರೀಕ್ಷೆ ಅದು. ಪಿ24 ಬ್ಯಾಂಡ್ ಒಂದೇ ಮೂಡಿತು: ಇಂಡಿಟರ್ಮಿನೇಟ್, ಹೌದೂ ಅಲ್ಲ ಇಲ್ಲವೂ ಅಲ್ಲ! ಎರಡು ಸಾವಿರ ಚಿಲ್ಲರೆ ಕೊಟ್ಟು ಗೊಂದಲ ಕೊಂಡಂತಾಯಿತು. ಮೂರು ವಾರದ ಮೇಲೂ ಅಂಕಿ 1.5, ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಸೊನ್ನೆ: ಸುಳ್ಳು ರಿಯಾಕ್ಟಿವ್. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಸೋಂಕು ತಗಲುವಂಥ ಅಪಾಯವಾಗಿ ಇನ್ನೂ ಮೂರು ವಾರವಷ್ಟೇ ಆಗಿದ್ದರೆ ಮಾತ್ರ ಕಾಯಲ್ಲ. ಪಿ24 ಬಂದು ಆಂಟಿಬಾಡಿ ಬರದ ಹೊತ್ತದು, ಆಂಟಿಬಾಡಿಯನ್ನಷ್ಟೇ ಹುಡುಕುವ ನಮ್ಮ ರಾಪಿಡ್‌ಗೆ ಕಾಣದು. ಅಂದೇ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪಿಸಿಆರ್. ಹೊರಗಡೆ ಮೂರು–ನಾಲ್ಕು ಸಾವಿರ ಆಗುತ್ತೆ, ಎಲ್ಲರಿಗೂ ಬರೆಯಬೇಡಿ.

ಮೊದಲ ಕಿಟ್ ರಿಯಾಕ್ಟಿವ್ ಆದಾಗ ಹಾಕುವ ನಮ್ಮ ಮೂರು ಕಿಟ್ಟುಗಳೇ ಜಗಳವಾಡಿದರೆ ಮೊದಲು ಸೀರಮ್ (ಹೆಪ್ಪುಗಟ್ಟಿದ ರಕ್ತದ ತಿಳಿ) ನೋಡಿ. ರಕ್ತ ಅರ್ಧ ಗಂಟೆ ಹೆಪ್ಪುಗಟ್ಟುವ ಮುಂಚೆ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಫೈಬ್ರಿನ್ ಎಳೆ ಉಳಿದು ಫ್ಲೋ ಥ್ರೂ ಕಿಟ್ಟಿನ (ಸೀರಮ್ ಪೊರೆಯ ಮೂಲಕ ಇಳಿದು ಹೋಗುವ ಕಿಟ್) ಮೆಂಬ್ರೇನ್ ಕಟ್ಟಿಕೊಳ್ಳುತ್ತೆ, ರಿಯಾಕ್ಟಿವ್ ಅನ್ನಿಸುವ ಮಸುಕು ಚುಕ್ಕೆ ನಿಲ್ಲುತ್ತೆ. ಕುತೂಹಲಕ್ಕೆ ಅಂಥದೇ ಸೀರಮನ್ನು 3000 ಆರ್‌ಪಿಎಂನಲ್ಲಿ ಮತ್ತೆ ಹತ್ತು ನಿಮಿಷ ತಿರುಗಿಸಿ ಹಾಕಿದೆ, ಚುಕ್ಕೆ ಮಾಯ. ನಾನ್‌ರಿಯಾಕ್ಟಿವ್ ಸ್ಟ್ರಿಪ್ಪನ್ನು ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಕೆಲವಕ್ಕೆ ನೆರಳುಗೆರೆ ಮೂಡಿರುತ್ತೆ, ಕಿಟ್ ಹೇಳಿದ ಹೊತ್ತು ಮೀರಿ ಓದಬೇಡಿ. ಹೊತ್ತಿನೊಳಗೆ ಬಂದ ಗೆರೆ ಎಷ್ಟೇ ಮಸುಕಿರಲಿ, ರಿಯಾಕ್ಟಿವ್ ಅಂತಲೇ ಬರೆಯಬೇಕು. ಎರಡು ರಿಯಾಕ್ಟಿವ್, ಒಂದು ಅಲ್ಲ ಅಂದರೆ ಇಂಡಿಟರ್ಮಿನೇಟ್: 14ರಿಂದ 28 ದಿನದೊಳಗೆ ಹೊಸ ಸ್ಯಾಂಪಲ್, ಆಗಲೂ ಹಾಗೇ ಬಂದರೆ ರೆಫರೆನ್ಸ್ ಲ್ಯಾಬಿಗೆ.

ಇನ್ನೊಂದು ಬಗೆ ಉಂಟು: ಮೂರೂ ರಿಯಾಕ್ಟಿವ್, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಎಣಿಕೆ) ನೋಡಿದರೆ ಮಾತ್ರ ವೈರಸ್ ಸಿಗದು. ಅವರಲ್ಲಿ ಹೆಚ್ಚಿನವರು ಬೇರೆ ಊರಿನ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಿನ ಮಾತ್ರೆ ಗುಟ್ಟಾಗಿ ನುಂಗುತ್ತಿರುತ್ತಾರೆ. ಅದನ್ನು ಬಾಯಿ ಬಿಡಿಸೋದು ಹೇಗೆ ಅಂತ ಇಲ್ಲಿ ಬರೆಯಲ್ಲ.