ಕ್ಯಾಂಪರ್ ವ್ಯಾನಿನಲ್ಲಿ ಘಟ್ಟ ಇಳಿದು ಕಡಲಿಗೆ: ನಿವೃತ್ತ ದಂಪತಿಗಳು ಮಾಡಬೇಕಾದ್ದೇನು?

ಶಿವಮೊಗ್ಗ ಜಿಲ್ಲೆಯಿಂದ ಕುಂದಾಪುರದತ್ತ ಇಳಿಯುವ ಬಾಳೆಬರೆ ಘಾಟಿ ಮುಗಿಯುವಲ್ಲಿ ರಸ್ತೆ ಬದಿಗೆ ನಿಂತು ಚಕ್ರದಿಂದ ಹೊಗೆ ಬಿಡುವ ವ್ಯಾನುಗಳು ಚಳಿಗಾಲದಲ್ಲಿ ಕಣ್ಣಿಗೆ ಬೀಳುತ್ತವೆ. ಒಳಗೆ ಹಾಸಿಗೆ, ಅಡುಗೆಕಟ್ಟೆ, ತುಂಬಿದ ನೀರಿನ ಟ್ಯಾಂಕು. ಮುಂದಿನ ಸೀಟಿನಲ್ಲಿ ಅರವತ್ತು ದಾಟಿದ ದಂಪತಿ. ಗಾಡಿಯಲ್ಲಿ ದೋಷವಿರುವುದಿಲ್ಲ, ಓಡಿಸುವವರಿಗೆ ಅನುಭವವೂ ಕಡಿಮೆಯಿರುವುದಿಲ್ಲ. ಆದರೆ ಆ ಅನುಭವವೆಲ್ಲ ಕಾರಿನದು. ಕಾರು ಇಳಿಸಿದ ಹಾಗೆ ವ್ಯಾನ್ ಇಳಿಸಿರುತ್ತಾರೆ.

1. ಕಾಗದಪತ್ರ, ಕಾಲ, ದಾರಿ

ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು. 55 ದಾಟಿದವರು ಐದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರದೊಂದಿಗೆ ನವೀಕರಿಸಬೇಕು. ಹಳೆಯ ಟೆಂಪೊ ಕೊಂಡು ಒಳಗೆ ಮಂಚ ಕಟ್ಟಿಸುವವರು ಮೊದಲು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬದಲಾವಣೆ ನಮೂದಿಸಿಕೊಳ್ಳಿ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಘಟ್ಟದ ಕೆಳಗಿನ ಸೆಕೆಯಲ್ಲಿ ತಗಡಿನ ಗಾಡಿಯೊಳಗೆ ನಿದ್ದೆ ಬಾರದು.

ಮೊದಲ ಪ್ರವಾಸಕ್ಕೆ ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಿರಿ. ಶಿವಮೊಗ್ಗದಿಂದ ಸುಮಾರು 160 ಕಿ.ಮೀ. ತಿರುವು ಬಹಳ, ಆದರೆ ಇಳಿಜಾರು ಹಂಚಿಹೋಗಿದೆ. ಆಗುಂಬೆ ಬೇಡವೇ ಬೇಡ. ಆ 14 ಕಡಿದಾದ ತಿರುವುಗಳಲ್ಲಿ ಉದ್ದದ ಗಾಡಿ ಒಂದೇ ಸಲಕ್ಕೆ ತಿರುಗುವುದು ಕಷ್ಟ. ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವೂ ಇದೆ.

2. ತೂಕ

ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. 100 ಲೀಟರ್ ಟ್ಯಾಂಕ್ ತುಂಬಿಸಿ ಹೊರಟರೆ ಇಬ್ಬರು ಹೆಚ್ಚುವರಿ ಪ್ರಯಾಣಿಕರನ್ನು ಕೂರಿಸಿಕೊಂಡಂತೆ. ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರು ಒಂದು ಬದಿಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಹಾಗಾಗಿ ಟ್ಯಾಂಕ್ ಬಹುತೇಕ ಖಾಲಿ ಇಟ್ಟು ಇಳಿಯಿರಿ, ಬಳಕೆಯ ನೀರನ್ನು ಕೆಳಗೆ ತುಂಬಿಸಿಕೊಳ್ಳಿ. ಕುಡಿಯುವ ನೀರು ಮಾತ್ರ ಮನೆಯದೇ ಇರಲಿ, 20 ಲೀಟರ್‌ನ ಒಂದು ಕ್ಯಾನ್ ಸಾಕು. ಕಡಲಿಗೆ ಹತ್ತಿರದ ಬಾವಿಗಳ ನೀರು ಹಲವೆಡೆ ಉಪ್ಪುಪ್ಪು.

ಗ್ಯಾಸ್ ಸಿಲಿಂಡರ್ 5 ಕಿಲೋದ್ದು ಸಾಕು. ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿದು, ಓಡುವಾಗ ರೆಗ್ಯುಲೇಟರ್ ಬಂದ್ ಮಾಡಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಅದು ಹೊರಹೋಗುವ ಕಿಂಡಿ ನೆಲಮಟ್ಟದಲ್ಲಿರಬೇಕು, ಕಿಟಕಿ ತೆರೆದರೆ ಸಾಲದು.

ಸಿಗರೇಟ್ ಲೈಟರ್ ಪಾಯಿಂಟಿಗೆ ಸಿಕ್ಕಿಸುವ ಅಗ್ಗದ ಫ್ರಿಜ್ ಪೆಟ್ಟಿಗೆಗಳನ್ನು ಕೊಳ್ಳಬೇಡಿ. ಕಂಪ್ರೆಸರ್ ಇಲ್ಲದ ಅವು ಹೊರಗಿನ ಉಷ್ಣಾಂಶಕ್ಕಿಂತ 15-20 ಡಿಗ್ರಿ ಕೆಳಗಿಳಿಸಿದರೆ ಹೆಚ್ಚು. ಹೊರಗೆ 34 ಇದ್ದರೆ ಒಳಗೆ 14ಕ್ಕಿಂತ ಕಡಿಮೆಯಾಗದು. ಹಾಲು ಒಡೆಯುತ್ತದೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ, ಇನ್ನೂ ತೆರೆಯದ ಇನ್ಸುಲಿನ್‌ಗೆ ಆ ತಂಪು ಸಾಲದು.

3. ಘಟ್ಟ ಇಳಿಯುವುದು

ಮಲೆನಾಡಿನ ಡ್ರೈವರುಗಳ ಲೆಕ್ಕ ಒಂದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕ್ಯಾಂಪರ್ ವ್ಯಾನಿಗೆ ಅದು ಎರಡನೆಯದು, ಕಡಿದಾದ ತಿರುವಿನಲ್ಲಿ ಒಂದನೆಯದು. ಗೇರ್ ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮುನ್ನ. ವೇಗ ಬಂದ ಮೇಲೆ ಇಳಿಸಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿಯುವ ಅಪಾಯವಿದೆ.

ಬ್ರೇಕ್ ಕೈಕೊಡುವುದು ಹೇಗೆಂದು ತಿಳಿದಿರಲಿ. ಪೆಡಲ್ ಮೇಲೆ ಸದಾ ಕಾಲಿಟ್ಟು ಇಳಿದರೆ ಲೈನರ್, ಅಂದರೆ ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಪಟ್ಟಿ, ಬಿಸಿಯಾಗುತ್ತಲೇ ಹೋಗುತ್ತದೆ. ಆ ಬಿಸಿ ಬ್ರೇಕ್ ಆಯಿಲ್‌ಗೆ ಇಳಿದು ಅದು ಕುದಿಯುತ್ತದೆ, ಗುಳ್ಳೆ ಏಳುತ್ತದೆ. ಆಗ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಈ ಆಯಿಲ್ ಗಾಳಿಯ ತೇವವನ್ನು ತಾನಾಗಿ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಸಾಮಾನ್ಯ ಮಾತು. ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ನಿಲ್ಲುವ ಗಾಡಿಗೆ ವರ್ಷಕ್ಕೊಮ್ಮೆ ಮಾಡಿಸಿದರೂ ದುಂದಲ್ಲ. ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನು ತುಂಬಿಸಿ ‘ಆಯಿತು’ ಎನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಹಳೆಯದನ್ನು ಪೂರ್ತಿ ಹೊರತೆಗೆಸಿ.

ಎಂಜಿನ್ ಹಿಡಿತದಲ್ಲಿ ಗಾಡಿ ಗಂಟೆಗೆ 20-25 ಕಿ.ಮೀ. ಹೋಗುತ್ತಿರಲಿ. 30 ಮುಟ್ಟಿತೆಂದರೆ ಮೂರು-ನಾಲ್ಕು ಸೆಕೆಂಡು ಗಟ್ಟಿಯಾಗಿ ಒತ್ತಿ 20ಕ್ಕೆ ತನ್ನಿ, ಆಮೇಲೆ ಕಾಲು ಪೂರ್ತಿ ತೆಗೆಯಿರಿ. ಹೀಗೆ ಒತ್ತಿ ಬಿಡುವ ನಡುವೆ ಲೈನರಿಗೆ ಗಾಳಿ ಆಡುತ್ತದೆ. ಎಂಜಿನ್ ಕೂಗುತ್ತಿದೆಯೆಂದು ಪಕ್ಕದಲ್ಲಿದ್ದವರು ಗಾಬರಿಪಡುತ್ತಾರೆ. ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಮುಳ್ಳು ಕೆಂಪು ಗೆರೆ ದಾಟದಿದ್ದರೆ ಅದು ಕೂಗಲಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವುದು, ಇನ್ನೂ ಕೆಟ್ಟದ್ದೆಂದರೆ ಕೀ ಆಫ್ ಮಾಡುವುದು, ಎರಡೂ ಜೀವಕ್ಕೆ ಎರವು. ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಎರಡು-ಮೂರು ಸಲ ಒತ್ತಿದ ಮೇಲೆ ಬ್ರೇಕೂ ಕಲ್ಲಾಗುತ್ತದೆ.

ಲೈನರ್ ಸುಟ್ಟ ವಾಸನೆ ಬಂದರೆ ಮುಂದಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಮರದ ಅಡೆ ಕೊಡಿ. ಅಡೆ ಮನೆಯಿಂದಲೇ ಒಯ್ಯಿರಿ, ಘಟ್ಟದಲ್ಲಿ ಬೇಕಾದಾಗ ಕಲ್ಲು ಸಿಗದು. ಕಾದ ಬ್ರೇಕ್ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಬಿಗಿದು ನೆಚ್ಚಬೇಡಿ, ಡ್ರಮ್ ಆರಿ ಕುಗ್ಗುವಾಗ ಹಿಡಿತ ಬದಲಾಗುತ್ತದೆ. ನೀರು ಎರಚಲೇಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆ ತಾನಾಗಿ ಆರಲಿ. ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕಾದವರು ಇಳಿಯುವವರೇ.

4. ನಿಲ್ಲಿಸುವುದು

ಮರಳಿಗೆ ಇಳಿಸಬೇಡಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನೋಟಕ್ಕೆ ಮರುಳಾಗಿ ಅಂಚಿಗೆ ಹೋದ ಗಾಡಿ ಹೂತುಕೊಳ್ಳುವುದು ಕ್ಷಣದ ಮಾತು. ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ. ಟೈರಿನ ಗಾಳಿ ಅರ್ಧಕ್ಕಿಳಿಸಿ, ಮುಂದಿನ ಮರಳು ಕೆದಕಿ, ಚಕ್ರದಡಿ ಗೋಣಿಚೀಲ ತುರುಕಿ ಮೆಲ್ಲಗೆ ಬಿಡಿ. ಟಾರು ಮುಟ್ಟಿದ ಕೂಡಲೇ ಗಾಳಿ ತುಂಬಿ.

ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಭರತದ ನೀರು ಹೆಚ್ಚು ಮೇಲೆ ಬರುತ್ತದೆ. ತೆಂಗಿನ ಮರದ ಕೆಳಗೂ ಬೇಡ. ರಾತ್ರಿ ತಂಗಲು ಹೋಂಸ್ಟೇಯೊಂದರ ಅಂಗಳವನ್ನು ಹಣ ಕೊಟ್ಟು ಕೇಳಿಕೊಳ್ಳುವುದೇ ಮೇಲು. ಶೌಚಾಲಯ, ನೀರು ಎರಡೂ ಸಿಗುತ್ತವೆ.

5. ನೋಡುವುದು

ಹೊನ್ನಾವರದ ಕಾಸರಕೋಡು 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಿನಾರೆಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಪಡೆದ ಕಿನಾರೆ. ಅಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾದಿಯಿದೆ, ಮಂಡಿನೋವಿದ್ದರೂ ನಡೆಯಬಹುದು. ಈ ಭಾಗದ ಮರಳಿನಲ್ಲಿ ಚಳಿಗಾಲಕ್ಕೆ ಕಡಲಾಮೆ ಮೊಟ್ಟೆಯಿಡುತ್ತವೆ. ಮರಿಗಳು ಬೆಳಕಿನತ್ತ ಹರಿಯುವುದರಿಂದ ಗಾಡಿಯ ಹೊರದೀಪ ಆರಿಸಿಡಿ, ದಯವಿಟ್ಟು. ಕಾರವಾರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಒಳಗಿನ ಏಣಿಗಳು ಕಡಿದಾಗಿವೆ. ದಕ್ಷಿಣಕ್ಕೆ ಹೊರಟರೆ 1901ರ ಕಾಪು ದೀಪಸ್ತಂಭ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪ. ಅಲ್ಲಿನ ಕಂಬದಂಥ ಲಾವಾ ಶಿಲೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಳೆಗಾಲದಲ್ಲಿ ದೋಣಿ ಇಲ್ಲ.

6. ಮನೆಗೆ ಬಂದ ಮೇಲೆ

ಎರಡು ದಿನದೊಳಗೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ. ಬಾಡಿ ಮೇಲೆ ಶಾಂಪೂ ಹಾಕಿದರೆ ಉಪ್ಪು ಹೋಗದು, ಅದು ಕೂತಿರುವುದು ಚಕ್ರದ ಕಮಾನಿನೊಳಗೆ, ಚಾಸಿಯ ಸಂದಿಯಲ್ಲಿ, ಬ್ರೇಕ್ ಪೈಪಿನ ಕ್ಲಿಪ್ ಕೆಳಗೆ. ತೊಳೆಸಿದ ಮೇಲೆ ಒಂದು ದಿನ ಬಿಸಿಲಿಗೆ ನಿಲ್ಲಿಸಿ. ತುಕ್ಕು ಹಿಡಿಯದಿರಲೆಂದು ಅಡಿಗೆ ಹಳೆ ಎಂಜಿನ್ ಆಯಿಲ್ ಬಳಿಸುವವರಿದ್ದಾರೆ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಬ್ಯಾಟರಿ ಟರ್ಮಿನಲ್ ಒರೆಸಿ ವ್ಯಾಸಲೀನ್ ಸವರಿ. ನೀರಿನ ಟ್ಯಾಂಕ್ ಖಾಲಿ ಮಾಡಿ ಮುಚ್ಚಳ ತೆರೆದಿಡಿ. ಲೈನರನ್ನು ಬಿಚ್ಚಿಸಿ ನೋಡಿ: ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಘಟ್ಟದಲ್ಲಿ ಕಾದಿದೆ ಎಂದರ್ಥ, ಉಜ್ಜಿಸದೆ ಹೊಸದನ್ನೇ ಹಾಕಿಸಿ.