ನಾಲ್ಕು ಗಂಟೆಯ ರಾಗಿ ಬಿಸ್ಕತ್ತು

ನಮ್ಮ ನಾಯಿ ಕೆಂಚನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ 23 ಕಿಲೋ ತೋರಿಸಿತು. ಎರಡು ವರ್ಷದ ಹಿಂದೆ ಅವನು 18 ಕಿಲೋ ಇದ್ದ. ವೈದ್ಯರು ಅವನ ಪಕ್ಕೆಯ ಮೇಲೆ ಬೆರಳಾಡಿಸಿ, "ಎಲುಬು ಕೈಗೇ ಸಿಗುತ್ತಿಲ್ಲ ಮೇಡಂ. ಊಟ ಬಿಟ್ಟು ಇನ್ನೇನು ಕೊಡುತ್ತೀರಿ?" ಎಂದರು. ಬಿಸ್ಕತ್ತು ಎಂದೆ. "ದಿನಕ್ಕೆ ಎಷ್ಟು?" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆವು. ಬೆಳಿಗ್ಗೆ ಪತ್ರಿಕೆ ಓದುತ್ತಾ ನಮ್ಮ ಯಜಮಾನರು ನಾಲ್ಕು, ಸಂಜೆ ಕಾಫಿಯ ಜೊತೆ ನಾನು ನಾಲ್ಕು, ದೀಪ ಹಚ್ಚಿದ ಮೇಲೆ ಅತ್ತೆ ನಾಲ್ಕು. ಒಟ್ಟು ಹನ್ನೆರಡು ಗ್ಲೂಕೋಸ್ ಬಿಸ್ಕತ್ತು, ಅಂದರೆ ಐವತ್ತು ಗ್ರಾಮಿನಷ್ಟು ಮೈದಾ, ಸಕ್ಕರೆ ಮತ್ತು ಎಣ್ಣೆ. ಇದರಿಂದ 220 ಕ್ಯಾಲೊರಿಗಿಂತ ಹೆಚ್ಚೇ ಬರುತ್ತದೆ. 18 ಕಿಲೋ ತೂಗುವ, ಮನೆಯಲ್ಲೇ ಇರುವ ನಾಯಿಗೆ ಇಡೀ ದಿನಕ್ಕೆ ಬೇಕಾಗುವುದೇ ಸುಮಾರು 900. ತಿಂಡಿಯ ಪಾಲು ಹತ್ತರಲ್ಲಿ ಒಂದನ್ನು ಮೀರಬಾರದು ಎಂದು ವೈದ್ಯರು ಹೇಳಿದ್ದರು. ನಾವು ಮೂವರೂ ಪ್ರೀತಿಯಿಂದಲೇ ಅವನಿಗೆ ನಾಲ್ಕರಲ್ಲಿ ಒಂದು ಪಾಲು ತಿನ್ನಿಸಿದ್ದೆವು.

ಬಿಸ್ಕತ್ತು ನಿಲ್ಲಿಸಿಬಿಡೋಣ ಎಂದು ಮೊದಲು ತೀರ್ಮಾನಿಸಿದೆವು. ಆ ತೀರ್ಮಾನ ಮೂರೇ ದಿನ ನಡೆಯಿತು. ಸಂಜೆ ನಾಲ್ಕಕ್ಕೆ ನಾನು ಡಬ್ಬಿಯ ಮುಚ್ಚಳ ತೆಗೆಯದಿದ್ದರೂ ಕೆಂಚ ಅಡುಗೆಮನೆಯ ಹೊಸ್ತಿಲ ಬಳಿ ಬಂದು ಕೂರುತ್ತಿದ್ದ. ಬೊಗಳುತ್ತಿರಲಿಲ್ಲ, ಗೋಗರೆಯುತ್ತಲೂ ಇರಲಿಲ್ಲ. ಆರು ಗಂಟೆಯವರೆಗೆ ನನ್ನ ಕೈಯನ್ನೇ ನೋಡುತ್ತಿದ್ದ. ಅದೇ ರಾತ್ರಿ ಅವನ ಬಟ್ಟಲಿನಲ್ಲಿ ಅರ್ಧ ಅನ್ನ ಉಳಿದಿತ್ತು. ಹೊಟ್ಟೆ ಹಸಿದಿದ್ದರೆ ಹಾಗೆ ಉಳಿಯುತ್ತಿರಲಿಲ್ಲ ಎಂದು ಆಗ ಹೊಳೆಯಿತು. ನಾಲ್ಕನೆಯ ದಿನ ಒಂದೇ ಬಿಸ್ಕತ್ತನ್ನು ಎಂಟು ಚೂರು ಮಾಡಿ ಎಂಟು ಸಲ ಕೊಟ್ಟೆ. ಕೊನೆಯ ಚೂರು ಮುಗಿದ ಮೇಲೆ ಖಾಲಿ ಅಂಗೈ ತೋರಿಸಿದೆ. ಅವನು ಒಮ್ಮೆ ಮೂಸಿ, ಎದ್ದು, ಬಾಗಿಲ ಬಿಸಿಲಿನಲ್ಲಿ ಮಲಗಿಬಿಟ್ಟ. ಅವನು ಎಣಿಸುತ್ತಿದ್ದದ್ದು ಬಿಸ್ಕತ್ತಿನ ಗಾತ್ರವನ್ನಲ್ಲ, ನನ್ನ ಕೈ ಎಷ್ಟು ಸಲ ಅವನ ಬಾಯಿಗೆ ಬಂತು ಎಂಬುದನ್ನು. ನಾನು ಮಾಡಿದ್ದೆಲ್ಲ ಈ ಒಂದು ಸಂಜೆಯಿಂದ ಶುರುವಾಯಿತು: ಬಿಸ್ಕತ್ತು ಉಗುರಿನಷ್ಟಿರಬೇಕು, ಅದರಲ್ಲಿ ಸಕ್ಕರೆ ಇರಬಾರದು, ಮುರಿದಾಗ ಪುಡಿಯಾಗಬಾರದು. ಅಂಗಡಿಯಲ್ಲಿ ಅಂಥದ್ದನ್ನು ಹುಡುಕುವ ಬದಲು ಮನೆಯ ಹಿಟ್ಟಿನ ಡಬ್ಬಿಗೆ ಕೈಹಾಕಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಸದಾ ಇರುವ ಹಿಟ್ಟು ರಾಗಿಯದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಆದರೆ ನಾನು ರಾಗಿಯನ್ನು ಆರಿಸಿಕೊಂಡದ್ದು ಅದಕ್ಕಲ್ಲ, ಹುರಿದಾಗ ಬರುವ ಘಮಕ್ಕೆ. ಮೊದಲ ಸಲ ಬರೀ ರಾಗಿ ಹಿಟ್ಟಿನಲ್ಲಿ ಮಾಡಿದೆ. ಲಟ್ಟಿಸುವಾಗಲೇ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಎರಡನೆಯ ಸಲ ಅರ್ಧದಷ್ಟು ಗೋಧಿ ಹಿಟ್ಟು ಮತ್ತು ಒಂದು ಮೊಟ್ಟೆ ಸೇರಿಸಿದ ಮೇಲೆ ಹಿಟ್ಟು ಒಂದಾಯಿತು.

ಈಗ ಮಾಡುವುದು ಹೀಗೆ. ಒಂದು ಕಪ್ ರಾಗಿ ಹಿಟ್ಟನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹಸಿವಾಸನೆ ಹೋಗುವವರೆಗೆ ಹುರಿದು ಆರಿಸುತ್ತೇನೆ. ಅದಕ್ಕೆ ಅರ್ಧ ಕಪ್ ಗೋಧಿ ಹಿಟ್ಟು, ಒಂದು ಮೊಟ್ಟೆ, ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಕಪ್, ಹುರಿದು ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿದ ಕಡಲೆಕಾಯಿ ಬೀಜ ಎರಡು ಚಮಚ. ಉಪ್ಪು, ಸಕ್ಕರೆ, ಬೆಲ್ಲ, ಸೋಡಾ ಯಾವುದೂ ಇಲ್ಲ. ನೀರನ್ನೂ ಹಾಕುವುದಿಲ್ಲ, ಕುಂಬಳದಲ್ಲಿರುವ ನೀರೇ ಸಾಕು. ಕೆಲವು ಕುಂಬಳ ತೀರಾ ನೀರಾಗಿರುತ್ತದೆ. ಆದ್ದರಿಂದ ಬೆಂದ ಹೋಳನ್ನು ಬಟ್ಟೆಯಲ್ಲಿ ಹತ್ತು ನಿಮಿಷ ಇಳಿಬಿಟ್ಟು ಆಮೇಲೆ ಹಿಸುಕುವುದು ಒಳ್ಳೆಯದು. ಹಿಟ್ಟು ಚಪಾತಿಗಿಂತ ಗಟ್ಟಿಯಿರಬೇಕು. ಅರ್ಧ ಗಂಟೆ ಒದ್ದೆಬಟ್ಟೆ ಮುಚ್ಚಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಶಂಕರಪೋಳಿ ಕತ್ತರಿಸುವಂತೆ ಉದ್ದಕ್ಕೂ ಅಡ್ಡಕ್ಕೂ ಗೀರುತ್ತೇನೆ. ಒಂದೂವರೆ ಸೆಂಟಿಮೀಟರಿನ ಚೌಕಗಳು ಮುನ್ನೂರರ ಆಸುಪಾಸು ಬರುತ್ತವೆ. ನನ್ನ ಲೆಕ್ಕದಲ್ಲಿ ಒಂದೊಂದಕ್ಕೆ ಮೂರು ಕ್ಯಾಲೊರಿ. ದಿನಕ್ಕೆ ಇಪ್ಪತ್ತು ಕೊಟ್ಟರೂ ಅರವತ್ತನ್ನು ದಾಟುವುದಿಲ್ಲ.

ಸುಡುವುದರಲ್ಲಿ ನಾನು ಹೆಚ್ಚು ಪೆಟ್ಟು ತಿಂದಿದ್ದೇನೆ. ಗೋಧಿಯಾದರೆ ಹೊಂಬಣ್ಣ ಬಂದಾಗ ತಿಳಿಯುತ್ತದೆ. ರಾಗಿ ಮೊದಲೇ ಕಂದು, ಸೀದದ್ದು ಕಣ್ಣಿಗೆ ಕಾಣುವುದಿಲ್ಲ. ಮೂಗನ್ನೇ ನಂಬಬೇಕು. 160 ಡಿಗ್ರಿ ಓವನ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ರೊಟ್ಟಿಯ ವಾಸನೆ, ಇಪ್ಪತ್ತೈದಕ್ಕೆ ಹುರಿಹಿಟ್ಟಿನ ವಾಸನೆ ಬರುತ್ತದೆ. ಆಗಲೇ ಆರಿಸಬೇಕು. ಆದರೆ ಹೊರಗೆ ತೆಗೆಯಬಾರದು. ಬಾಗಿಲು ಮುಚ್ಚಿ, ಉಳಿದ ಶಾಖದಲ್ಲೇ ಒಂದು ಗಂಟೆ ಬಿಡಬೇಕು. ಒಳಗಿನ ತೇವ ಆರುವುದು ಆ ಒಂದು ಗಂಟೆಯಲ್ಲಿ. ಓವನ್ ಕೊಳ್ಳುವ ಮುಂಚೆ ದಪ್ಪ ತಳದ ಹಳೆಯ ಕುಕ್ಕರಿನಲ್ಲಿ ಮಾಡುತ್ತಿದ್ದೆ. ತಳದಲ್ಲಿ ಒಂದು ಅಂಗುಲ ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡ್, ಮೇಲೊಂದು ತಟ್ಟೆ. ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತಪ್ಪದೆ ತೆಗೆದಿಡಬೇಕು. ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು, ಸಣ್ಣ ಉರಿಯಲ್ಲಿ ಮೂವತ್ತೈದು ನಿಮಿಷ. ಒಂದು ಸಲಕ್ಕೆ ಸ್ವಲ್ಪವೇ ಹಿಡಿಯುತ್ತದೆ, ಆದರೆ ರುಚಿಯಲ್ಲಿ ಏನೂ ಕಡಿಮೆಯಿಲ್ಲ.

ಚೆನ್ನಾಗಿ ಒಣಗದಿದ್ದರೆ ಎಲ್ಲ ವ್ಯರ್ಥ. ನಾಯಿಗೆಂದೇ ಬಿಸ್ಕತ್ತು ಮಾಡಿ ಮಾರಿದ ಮೊದಲಿಗರಲ್ಲಿ ಒಬ್ಬನಾದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು 1860ರ ಹೊತ್ತಿಗೆ ಆ ಕೆಲಸಕ್ಕೆ ಇಳಿದದ್ದು, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ರೊಟ್ಟಿಯನ್ನು ನಾಯಿಗಳು ತಿನ್ನುವುದನ್ನು ಕಂಡು ಎನ್ನುತ್ತಾರೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ಕೆಡದ ಆ ರೊಟ್ಟಿಯ ಗುಟ್ಟೂ ಒಣಗಿಸುವುದರಲ್ಲೇ ಇತ್ತು. ಒಂದು ಆಷಾಢದಲ್ಲಿ ನಾನು ಆತುರಪಟ್ಟು ಬೆಚ್ಚಗಿದ್ದಾಗಲೇ ಡಬ್ಬಿಗೆ ತುಂಬಿದೆ. ಐದನೆಯ ದಿನ ಬೂಷ್ಟು ಹಿಡಿಯಿತು. ಪೂರ್ತಿ ಡಬ್ಬಿ ಚೆಲ್ಲಿದೆ. ಬೂಷ್ಟು ಕಂಡ ತುಂಡನ್ನಷ್ಟೇ ಎಸೆದು ಉಳಿದದ್ದನ್ನು ಕೊಡುವುದು ಸರಿಯಲ್ಲ, ಅದರ ವಿಷ ನಾಯಿಗೂ ವಿಷವೇ. ಈಗ ಒಂದು ವಾರಕ್ಕಾಗುವಷ್ಟು ಹೊರಗಿಟ್ಟು, ಉಳಿದದ್ದನ್ನು ಫ್ರೀಜರ್‌ನಲ್ಲಿ ಇಡುತ್ತೇನೆ.

ನಾಯಿಯ ಬಿಸ್ಕತ್ತು ಮಾಡುವ ದಿನವೇ ನಮಗೂ ನಾನ್‌ಕಟಾಯಿ ಮಾಡುವುದು ರೂಢಿಯಾಗಿದೆ. ಹೇಗೂ ಓವನ್ ಕಾದಿರುತ್ತದೆ. ಆದರೆ ಎರಡರ ಪಾತ್ರೆ ಬೇರೆ, ತಟ್ಟೆ ಬೇರೆ, ಹೊತ್ತೂ ಬೇರೆ. ಮೊದಲು ನಾಯಿಯದು, ಆಮೇಲೆ ನಮ್ಮದು. ನಮ್ಮದರಲ್ಲಿ ತುಪ್ಪ, ಸಕ್ಕರೆ, ಏಲಕ್ಕಿ ಮತ್ತು ಜಾಯಿಕಾಯಿ ಇರುತ್ತವೆ. ಜಾಯಿಕಾಯಿ ಹೆಚ್ಚಾದರೆ ನಾಯಿಯ ನರಗಳಿಗೆ ಕೆಡುಕು. ಅಷ್ಟೊಂದು ತುಪ್ಪ ಹೊಟ್ಟೆಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಚಾಕೊಲೇಟ್ ಕೊಡಬಾರದು ಎಂಬುದು ಬಹಳ ಜನರಿಗೆ ಗೊತ್ತು. ಒಣದ್ರಾಕ್ಷಿಯ ವಿಷಯ ಗೊತ್ತಿರುವವರು ಕಡಿಮೆ. ನಾಯಿಯ ಮೂತ್ರಪಿಂಡವನ್ನು ಅದು ಕೆಲವೇ ದಿನದಲ್ಲಿ ಕೆಡಿಸಬಲ್ಲದು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಇದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ನಾಯಿಗೆ ಸಾರು ಕಲಸಿದ ಅನ್ನ ನಿಂತಿತು. ಸಾರಿನಲ್ಲಿ ಹುಣಸೆಯ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. "ನಮ್ಮ ತೋಟದ ನಾಯಿಗಳೆಲ್ಲ ಸಾರನ್ನ ತಿಂದೇ ಬೆಳೆದವು" ಎಂದು ಅತ್ತೆ ನೊಂದುಕೊಂಡರು. ಅವರು ಹೇಳಿದ್ದು ನಿಜ. ಆದರೆ ಆ ನಾಯಿಗಳಲ್ಲಿ ಎಷ್ಟು ಯಾವ ಕಾರಣಕ್ಕೆ ಸತ್ತವು ಎಂದು ಆಗ ಯಾರೂ ನೋಡುತ್ತಿರಲಿಲ್ಲ. ಈಗ ಅತ್ತೆಯೇ ಸಪ್ಪೆ ಅನ್ನಕ್ಕೆ ಬೇಯಿಸಿದ ತರಕಾರಿ, ಮೊಟ್ಟೆ ಕಲಸಿ ಇಡುತ್ತಾರೆ. ಕಡಲೆಕಾಯಿಯನ್ನು ಮನೆಯಲ್ಲೇ ರುಬ್ಬುವುದಕ್ಕೂ ಕಾರಣವಿದೆ. ಅಂಗಡಿಯ ಕೆಲವು ಪೀನಟ್ ಬಟರ್‌ಗಳಿಗೆ ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿ ಪ್ರಾಣಕ್ಕೇ ಕುತ್ತು ತರುತ್ತದೆ.

ಬಿಸ್ಕತ್ತು ಸಣ್ಣದಾದ ಮೇಲೆ ಅದರಿಂದ ಎಷ್ಟು ಕೆಲಸ ಮಾಡಿಸಿಕೊಳ್ಳಬಹುದು ಎಂದು ತಿಳಿಯಿತು. ಮಳೆಗಾಲದಲ್ಲಿ ದಿನವೂ ಕೆಂಚನ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಬೇಕು. ಮೊದಲು ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು. ಈಗ ಚಿಮಟದಲ್ಲಿ ಒಂದು ಉಣ್ಣಿ ಕಿತ್ತರೆ ಒಂದು ತುಂಡು. ಅವನೇ ಕಾಲು ಮುಂದೆ ಚಾಚುತ್ತಾನೆ. ದೀಪಾವಳಿಯ ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಹಳೆಯ ಹೊದಿಕೆಯ ಮಡಿಕೆಗಳಲ್ಲಿ ಇಪ್ಪತ್ತು ತುಂಡು ಬಚ್ಚಿಡುತ್ತೇನೆ. ಹೊರಗೆ ಪಟಾಕಿಯ ಸದ್ದು ನಡೆದೇ ಇರುತ್ತದೆ, ಅವನು ಮೂಗಿನಿಂದ ಹುಡುಕುತ್ತಿರುತ್ತಾನೆ. ದೊಡ್ಡ ಸದ್ದಾದಾಗ ಬೆದರಿ ತಲೆ ಎತ್ತುತ್ತಾನೆ, ಮತ್ತೆ ಹೊದಿಕೆಗೆ ಮೂಗು ಇಡುತ್ತಾನೆ. ಭಯ ಪೂರ್ತಿ ಹೋಗಿಲ್ಲ. ಮಂಚದ ಕೆಳಗೆ ಸೇರಿ ನಡುಗುವುದು ಮಾತ್ರ ನಿಂತಿದೆ.

ಎಂಟು ತಿಂಗಳಲ್ಲಿ ಅವನು 19 ಕಿಲೋಗೆ ಇಳಿದ. ಬಿಸ್ಕತ್ತಿನಿಂದ ಮಾತ್ರ ಅಲ್ಲ, ಬೆಳಗಿನ ನಡಿಗೆ ಹತ್ತು ನಿಮಿಷದಿಂದ ನಲವತ್ತಕ್ಕೆ ಏರಿತು. ಯಜಮಾನರು ಪತ್ರಿಕೆಯನ್ನು ಈಗ ನಡಿಗೆಯ ನಂತರ ಓದುತ್ತಾರೆ.

ನಮ್ಮಲ್ಲಿ ಇನ್ನೊಬ್ಬಳಿದ್ದಾಳೆ, ಬೆಳ್ಳಿ. ಹದಿಮೂರು ವರ್ಷದ ಬೀದಿನಾಯಿ, ಗೇಟಿನ ಬಳಿ ಮರಿಯಾಗಿ ಸಿಕ್ಕವಳು. ಅವಳಿಗೆ ಹಿಂದಿನ ಹಲ್ಲು ಕೆಲವೇ ಉಳಿದಿವೆ. ಅವಳ ಪಾಲಿನ ತುಂಡುಗಳನ್ನು ಗಂಜಿಯ ತಿಳಿಯಲ್ಲಿ ಕಾಲು ಗಂಟೆ ನೆನೆಸಿಡುತ್ತೇನೆ. ಡಬ್ಬಿಯ ಮುಚ್ಚಳ ತೆಗೆದರೆ ಕೆಂಚ ಹಿತ್ತಲಿನಿಂದ ಓಡಿ ಬರುತ್ತಾನೆ. ಬೆಳ್ಳಿಗೆ ಹೋದ ವರ್ಷದಿಂದ ಆ ಸದ್ದು ಕೇಳುವುದಿಲ್ಲ. ಹಾಗಾಗಿ ಒಂದು ಒಣ ತುಂಡನ್ನು ಅಂಗೈಯಲ್ಲಿ ಪುಡಿಯಾಗುವಂತೆ ತಿಕ್ಕಿ, ಅವಳು ಮಲಗಿದಲ್ಲಿಗೇ ಹೋಗಿ ಮೂಗಿನ ಮುಂದೆ ಹಿಡಿಯುತ್ತೇನೆ. ಮೊದಲು ಮೂಗಿನ ಹೊಳ್ಳೆ ಅಲುಗುತ್ತದೆ, ಆಮೇಲೆ ಬಾಲ, ಕೊನೆಗೆ ಕಣ್ಣು ತೆರೆಯುತ್ತದೆ. ಅಷ್ಟು ಹೊತ್ತಿಗೆ ನನ್ನ ಕಾಫಿ ಆರಿರುತ್ತದೆ. ಅವಳು ತಿಂದು ಮುಗಿಸಿದ ಮೇಲೆ ಬಿಸಿ ಮಾಡಿಕೊಳ್ಳುತ್ತೇನೆ.