ಕೊಡಗಿನ ಚಳಿಯಲ್ಲಿ ಕುದುರೆ: ಕಂಬಳಿಗಿಂತ ನೀರು ಮುಖ್ಯ

ಸುಂಟಿಕೊಪ್ಪದ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಒಂದು ಹೆಣ್ಣು ಕುದುರೆ ಇದೆ. ಕಾಠಿಯಾವಾಡಿ ತಳಿ, ತೂಕ ಸುಮಾರು 400 ಕಿಲೋ. ಹುತ್ತರಿ ಕಳೆದು ಮಂಜು ಇಳಿಯತೊಡಗಿತೆಂದರೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: ‘ಪಾಪ, ಅದಕ್ಕೊಂದು ಕಂಬಳಿ ಹೊದಿಸಬಾರದೇ?’ ಕೇಳುವವರು ಸ್ವೆಟರಿನ ಮೇಲೆ ಶಾಲು ಹೊದ್ದಿರುತ್ತಾರೆ. ಚಳಿ ಅವರದು, ಕುದುರೆಯದಲ್ಲ.

ನಮ್ಮಲ್ಲಿ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 10–12 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಹೊಟ್ಟೆ ತುಂಬಿದ, ಮೈ ಒಣಗಿರುವ ಆರೋಗ್ಯವಂತ ಕುದುರೆ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಚಳಿಗಾಲದ ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಂಬಳಿ ಆ ಕೂದಲನ್ನೇ ಅದುಮಿಬಿಡುತ್ತದೆ. ಇಬ್ಬನಿಯಲ್ಲಿ ತೊಯ್ದ ಕಂಬಳಿಯಂತೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮುದಿ ಕುದುರೆಗೆ, ಬಡಕಲಾದದ್ದಕ್ಕೆ, ಎಳೆ ಮರಿಗೆ ಹೊದಿಸಿ, ಬೇಡವೆನ್ನುವುದಿಲ್ಲ. ಲಾಯಕ್ಕೆ ಸುತ್ತಲೂ ಪ್ಲಾಸ್ಟಿಕ್ ಕಟ್ಟಿ ಬೆಚ್ಚಗಿಡುವ ಉಪಾಯಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಗಂಜಲದಿಂದೇಳುವ ಅಮೋನಿಯಾ ಒಳಗೇ ನಿಂತು ಶ್ವಾಸಕೋಶವನ್ನು ಕೆಡಿಸುತ್ತದೆ. ನಮ್ಮ ಲಾಯಕ್ಕೆ ಗಾಳಿ ಬೀಸುವ ಕಡೆ ಎದೆಯೆತ್ತರದ ಗೋಡೆ ಇದೆ, ಮೇಲ್ಭಾಗ ತೆರೆದಿದೆ.

ನನಗೆ ಭಯವಿರುವುದು ನೀರಿನ ವಿಷಯದಲ್ಲಿ. ಈ ಗಾತ್ರದ ಕುದುರೆಗೆ ದಿನಕ್ಕೆ 20ರಿಂದ 30 ಲೀಟರ್ ನೀರು ಬೇಕು. ಮಳೆಗಾಲದಲ್ಲಿ ಅದರ ದೊಡ್ಡ ಪಾಲು ಹಸಿ ಹುಲ್ಲಿನಿಂದಲೇ ಬರುತ್ತದೆ, ಏಕೆಂದರೆ ಎಳೆ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ. ಚಳಿಗಾಲದಲ್ಲಿ ಒಣಹುಲ್ಲಿಗೆ ಬದಲಾಯಿಸುತ್ತೇವೆ. ಕುಡಿಯುವ ನೀರು ಹೆಚ್ಚು ಬೇಕಾಗುತ್ತದೆ. ಆದರೆ ತೊಟ್ಟಿಯ ನೀರು ಕೊರೆಯುತ್ತಿರುತ್ತದೆ, ಕುದುರೆ ಎರಡು ಗುಟುಕಿಗೇ ಮೂತಿ ಎತ್ತುತ್ತದೆ. ಒಣ ಮೇವು ದೊಡ್ಡ ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುವುದು ಹೀಗೆ. ಬಚ್ಚಲೊಲೆಯ ಹಂಡೆಯಲ್ಲಿ ಬಿಸಿನೀರು ಹೇಗೂ ಇರುತ್ತದೆಯಲ್ಲ, ಬೆಳಿಗ್ಗೆ ಮತ್ತು ಸಂಜೆ ಅದನ್ನು ಬೆರೆಸಿ ಉಗುರುಬೆಚ್ಚಗೆ ಮಾಡಿ ಬಕೆಟಿನಲ್ಲಿ ಕೊಡುತ್ತೇನೆ. ತೊಟ್ಟಿಗಿಂತ ಬಕೆಟ್ ಒಳ್ಳೆಯದು: ಎಷ್ಟು ಕುಡಿಯಿತೆಂದು ಕಣ್ಣಿಗೆ ಕಾಣುತ್ತದೆ. ಬೇಯಿಸಿದ ಹುರುಳಿಗೆ ಎರಡು ಚಮಚ ಉಪ್ಪು, ನೆನೆಸಿದ ಗೋಧಿ ಬೂಸಾ ಸೇರಿಸುತ್ತೇನೆ.

ಲದ್ದಿಯನ್ನು ಪ್ರತಿದಿನ ನೋಡಲೇಬೇಕು. ಉಂಡೆಗಳು ಚಿಕ್ಕದಾಗಿ, ಒಣಗಿ, ಲೋಳೆ ಮೆತ್ತಿಕೊಂಡು ಬಂದರೆ ನೀರು ಸಾಲುತ್ತಿಲ್ಲವೆಂದೇ ತಿಳಿಯುತ್ತೇನೆ. ಮೇವು ಬಿಟ್ಟು, ಕಾಲಿನಿಂದ ನೆಲ ಕೆರೆಯುತ್ತ, ಪಕ್ಕೆಯತ್ತ ತಿರುಗಿ ನೋಡುತ್ತ, ಮಲಗಿ ಹೊರಳತೊಡಗಿದರೆ ಹೊಟ್ಟೆಶೂಲೆ. ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಊರಿನಲ್ಲಿ ಎತ್ತಿಗೆ ಮಾಡುವಂತೆ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಎಣ್ಣೆ ಹೊಯ್ಯುವ ಉಮೇದು ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕುದುರೆ ಉಳಿಯುವುದು ಕಷ್ಟ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದೆ ಬಾರದು. ಮೂಗಿನ ಮೂಲಕ ನಳಿಕೆ ಇಳಿಸಿ ಔಷಧಿ ಕೊಡುವುದು ವೈದ್ಯರ ಕೆಲಸ.

ಮೈ ಬೆಚ್ಚಗಿರಲು ಹುರುಳಿ ಹೆಚ್ಚಿಸಬೇಕೆಂಬ ನಂಬಿಕೆಯೂ ಇದೆ. ನಿಜವಾಗಿ ಶಾಖ ಹುಟ್ಟುವುದು ದೊಡ್ಡ ಕರುಳಿನಲ್ಲಿ ನಾರು ಹುದುಗುವಾಗ, ಅಂದರೆ ಹುಲ್ಲಿನಿಂದ. ದಿನಕ್ಕೆ 6ರಿಂದ 8 ಕಿಲೋ ಒಣಹುಲ್ಲು, ಅದರಲ್ಲಿ ದೊಡ್ಡ ಪಾಲು ರಾತ್ರಿಗೆ. ಗದ್ದೆ ಕೊಯ್ಲಾದ ಮೇಲೆ ಭತ್ತದ ಹುಲ್ಲು ರಾಶಿ ಬಿದ್ದಿರುತ್ತದೆ, ಆದರೆ ಅದರಲ್ಲಿ ಸತ್ವ ಕಡಿಮೆ. ನಾನು ಪಿರಿಯಾಪಟ್ಟಣದ ಕಡೆಯಿಂದ ರಾಗಿ ಹುಲ್ಲು ತರಿಸುತ್ತೇನೆ. ಭತ್ತದ ಹುಲ್ಲನ್ನು ಕಾಲಡಿಗೆ ಹಾಸುತ್ತೇನೆ.

ಕಾಲಡಿಗೆ ಕಾಫಿ ಸಿಪ್ಪೆಯನ್ನು ಮಾತ್ರ ಹಾಸಬೇಡಿ. ಕುಯ್ಲಿನ ಕಾಲದಲ್ಲಿ ಪುಕ್ಕಟೆ ಸಿಗುತ್ತದೆ, ಮೆತ್ತಗಿರುತ್ತದೆ, ನಿಜ. ಆದರೆ ಕುದುರೆ ಹಾಸಿಗೆಯನ್ನೂ ತಿನ್ನುವ ಪ್ರಾಣಿ. ಸಿಪ್ಪೆಯಲ್ಲಿರುವ ಕೆಫೀನ್ ಹೊಟ್ಟೆಗೆ ಹೋದರೆ ಬೆವರು, ನಡುಕ, ತಡೆಯಲಾಗದ ಚಡಪಡಿಕೆ. ಬೆಣ್ಣೆಹಣ್ಣಿನ ಮರದ ಕೆಳಗೂ ಕಟ್ಟುವುದಿಲ್ಲ. ಅದರ ಎಲೆ, ತೊಗಟೆ, ಹಣ್ಣು ಎಲ್ಲವೂ ಕುದುರೆಗೆ ವಿಷ. ಹಸಿರು ಕಡಿಮೆಯಾದಾಗ ಬೇಲಿಯ ಲಂಟಾನಕ್ಕೂ ಬಾಯಿ ಹಾಕೀತು.

ಇಬ್ಬನಿ ಆರಿದ ಮೇಲೆಯೇ ಮೇಯಲು ಬಿಡುತ್ತೇನೆ, ಇಲ್ಲವಾದರೆ ಗೊರಸಿನ ಮೇಲಿನ ಸಂದಿ ಸದಾ ಒದ್ದೆಯಾಗಿ ಚರ್ಮ ಬಿರಿಯುತ್ತದೆ. ಗೊರಸಿನ ಅಡಿಯನ್ನು ದಿನವೂ ಕೆರೆದು ಶುಚಿ ಮಾಡುತ್ತೇನೆ. ಕೊಳೆತ ವಾಸನೆ ಬಂದರೆ ಅಲ್ಲಿ ಸೋಂಕು ಶುರುವಾಗಿದೆ. ಸವಾರಿಯಾದ ಮೇಲೆ ಸ್ನಾನವಿಲ್ಲ, ಬೆವರು ಆರುವವರೆಗೆ ನಿಧಾನವಾಗಿ ನಡೆಸಿ ಮೈ ಉಜ್ಜುವುದಷ್ಟೇ. ಆಗಲೇ ಕಿವಿಯೊಳಗೆ, ಕೇಸರದ ಬುಡದಲ್ಲಿ, ಬಾಲದ ಕೆಳಗೆ ಉಣ್ಣೆ ಇದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ.

ಜನವರಿ ಕೊನೆಗೆ ಬ್ರಷ್ಷಿನ ತುಂಬ ಕೂದಲು ಬರತೊಡಗುತ್ತದೆ. ಚರ್ಮರೋಗವೆಂದು ಬೇವಿನೆಣ್ಣೆ ಹಚ್ಚಲು ಓಡಬೇಕಾಗಿಲ್ಲ. ಹಗಲು ಉದ್ದವಾಗುವುದನ್ನು ಗ್ರಹಿಸಿ ಮೈ ಚಳಿಗಾಲದ ಕೂದಲನ್ನು ಉದುರಿಸುತ್ತದೆ, ಚಳಿ ಇನ್ನೂ ಇದ್ದರೂ ಸರಿ. ದುಂಡಗೆ ಬೋಳಾಗಿ, ಹೊಟ್ಟು ಏಳುವ ಕಲೆಗಳು ಕಂಡರೆ ಮಾತ್ರ ಹುಳುಕಡ್ಡಿ ಇರಬಹುದು. ಆಗ ಬ್ರಷ್ಷು, ಜೀನಿನ ಬಟ್ಟೆಗಳನ್ನು ಬೇರೆ ಇಟ್ಟು ವೈದ್ಯರಿಗೆ ತೋರಿಸುತ್ತೇನೆ.